ಅಟ್ಟದ ಮೇಲಿನ ಹಳೆ ಪ್ಲೇಟು

ಕುಂಸಿಯ ಹಳೆ ಮನೆಗಳ ಅಟ್ಟದಲ್ಲಿ ಗ್ರಾಮಾಫೋನ್ ಪ್ಲೇಟು ಸಿಕ್ಕರೆ ಗುಜರಿಗೆ ಹಾಕಬೇಡಿ, ಒಮ್ಮೆ ಬೆಳಕಿಗೆ ಹಿಡಿದು ಗೀರು ನೋಡಿ. ಏಳು ಅಂಗುಲದ್ದಾದರೆ ಹೆಚ್ಚಾಗಿ ನಿಮಿಷಕ್ಕೆ 45 ಸುತ್ತು. ಎರಡೂ ಮಗ್ಗುಲು ಸೇರಿ ಸಾಮಾನ್ಯವಾಗಿ ಮೂರು ನಾಲ್ಕು ಸಿನಿಮಾ ಹಾಡು. 1972ರಲ್ಲಿ ‘ನಾಗರಹಾವು’, ‘ಬಂಗಾರದ ಮನುಷ್ಯ’ ಬಂದಾಗ ಆ ಹಾಡುಗಳಿಗೆ ಭದ್ರಾವತಿ ಆಕಾಶವಾಣಿಯ ಮುಂದೆ ಕಾದು ಕೂರಬೇಕಿತ್ತು. ಪ್ಲೇಟಿದ್ದವರಿಗೆ ಆ ಕಾಯುವಿಕೆ ಇರಲಿಲ್ಲ!

ನಮ್ಮ ಜಡಿಮಳೆಗೆ ರಟ್ಟಿನ ಲಕೋಟೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ಬೇರೆ. ವಿನೈಲ್ ಉಳಿಯುತ್ತದೆ. ಆದರೆ ಪೇರಿಸಿಟ್ಟರೆ ಸೊಟ್ಟಗಾದೀತು, ಪುಸ್ತಕದಂತೆ ನಿಲ್ಲಿಸಿಡಬೇಕು. ಕೆಲವು ಲಕೋಟೆಗಳ ಮೇಲೆ ಮದುವೆ ಉಡುಗೊರೆ ಕೊಟ್ಟವರ ಹೆಸರು, ತಾರೀಕು ಇರುತ್ತದೆ. ಹಾಡು ಮೊಬೈಲಿನಲ್ಲೂ ಸಿಕ್ಕೀತು, ಆ ಕೈಬರಹ ಸಿಗದು. ಸಂಗ್ರಹಕಾರರು ಅದನ್ನು ಉಜ್ಜಿ ಅಳಿಸುವುದು ನನಗಂತೂ ಒಪ್ಪಿಗೆಯಿಲ್ಲ, ಬೆಲೆ ಕಡಿಮೆಯಾದರೆ ಆಗಲಿ.