ಕೊಳಗ ಯಾರ ಕೈಯಲ್ಲಿದೆ?

(ಹಾಸನದಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಹಾಸನದವರಲ್ಲದೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದಲೂ ದಿನದ ದುಡಿಮೆ ಮುಗಿಸಿ, ಅಂಗಡಿಯ ಬಾಗಿಲು ಹಾಕಿಕೊಂಡು ಬಂದಿದ್ದೀರಿ. ಅರ್ಥಶಾಸ್ತ್ರವೆಂದ ಕೂಡಲೆ ಅದು ಕಾಲೇಜಿನವರ ಮಾತೆಂದು ಎದ್ದು ಹೋಗಬೇಡಿ. ಸಂಜೆ ಗಲ್ಲಾಪೆಟ್ಟಿಗೆ ಎಣಿಸಿ ಉದ್ರಿ ಪುಸ್ತಕ ತೆರೆಯುವ ಅಂಗಡಿಯವನೂ, ಸಂಬಳದ ದಿನ ಅಕ್ಕಿಗಿಷ್ಟು, ಬಾಡಿಗೆಗಿಷ್ಟು, ಮಗಳ ಫೀಜಿಗಿಷ್ಟು ಎಂದು ಭಾಗಮಾಡುವ ಗಿರಣಿಯ ಹೆಣ್ಣುಮಗಳೂ ಮಾಡುತ್ತಿರುವುದು ಅರ್ಥಶಾಸ್ತ್ರವೇ. ಕಾನೂನು ಮಾಡುವಾಗ, ಹೊಳೆ ಕಾಡುಗಳನ್ನು ಬಳಸುವಾಗ, ಕಾರ್ಖಾನೆ ನಡೆಸುವಾಗ ಕೂಡ ಇಂಥದೇ ಲೆಕ್ಕ ನಡೆಯುತ್ತದೆ. ಆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಎಂಬುದೇ ಇಂದಿನ ಪ್ರಶ್ನೆ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಡಾ. ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ದೊಡ್ಡ ಹೋರಾಟದ ಬುಡದಲ್ಲಿ ಇದ್ದದ್ದು ಒಂದು ಕೊಳಗ. ಗೇಣಿ ಅಳೆಯುವ ಕೊಳಗ ಒಡೆಯನದು, ಅದರ ಗಾತ್ರವೂ ಒಡೆಯನು ಹೇಳಿದಷ್ಟು. ಒಂದು, ಎರಡು, ಮೂರು ಎಂಬ ಎಣಿಕೆ ಸರಿಯಾಗಿಯೇ ಇತ್ತು; ಮೋಸ ಕೊಳಗದಲ್ಲಿತ್ತು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಜಿಲ್ಲೆಗೆ ಬರೋಣ.

ನಮ್ಮ ಜಿಲ್ಲೆಯ ಅತಿ ದೊಡ್ಡ ಲೆಕ್ಕ ಹೇಮಾವತಿಯದು. ಗೊರೂರಿನ ಬಳಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದರಿಂದ ಸಾವಿರಾರು ಎಕರೆಗೆ ನೀರು ಬಂದದ್ದು ನಿಜ. ಅಣೆಕಟ್ಟೇ ಬೇಡವಾಗಿತ್ತೆಂದು ನಾವು ಹೇಳುವುದಿಲ್ಲ. ಆದರೆ ಲಾಭದ ಪುಟದ ಎದುರಿಗೆ ನಷ್ಟದ ಪುಟವೂ ಇರಬೇಕಷ್ಟೆ. ಅದನ್ನು ಬರೆದದ್ದು 1894ರ ಭೂಸ್ವಾಧೀನ ಕಾನೂನು, ಪರದೇಶದ ಸರ್ಕಾರ ಮಾಡಿಟ್ಟು ಹೋದದ್ದು. ಅದರ ಪ್ರಕಾರ ಪರಿಹಾರ ನೆಲದಲ್ಲಿ ಹಕ್ಕುಳ್ಳವನಿಗೆ. ಮಾರುಕಟ್ಟೆಯ ಬೆಲೆ, ಅದರ ಮೇಲೆ ಬಲವಂತವಾಗಿ ತೆಗೆದುಕೊಂಡದ್ದಕ್ಕೆ ನೂರಕ್ಕೆ 15ರಂತೆ ಸಮಾಧಾನದ ಹಣ. 1984ರಲ್ಲಿ ಇದು 30 ಆಯಿತು, ಆ ಹೊತ್ತಿಗೆ ನಮ್ಮ ಅಣೆಕಟ್ಟು ಮುಗಿದು ಹೋಗಿತ್ತು.

ನೆಲದ ಹಕ್ಕಿಲ್ಲದೆ ಅದೇ ನೆಲದಲ್ಲಿ ನಾಟಿ ಹಾಕಿ, ಕಳೆ ಕಿತ್ತು ಬದುಕಿದ ಕೂಲಿಯವಳ ಗತಿ ಏನು? ಊರಿಗೆ ಕ್ಷೌರ ಮಾಡಿ ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದವನದು? ಮಡಕೆ ಮಾಡುವವನದು? ಪಕ್ಕದ ಊರಿನ ಅಂಗಡಿಯವನದೂ ಯೋಚಿಸಿ. ಅವನ ಅಂಗಡಿ ಮುಳುಗಲಿಲ್ಲ, ಗಿರಾಕಿಗಳ ಊರು ಮುಳುಗಿತು. ಸಾಲ ಮಾಡಿದವರು ದಿಕ್ಕಿಗೊಬ್ಬರಾದ ಮೇಲೆ ಉದ್ರಿ ಪುಸ್ತಕವನ್ನು ಯಾವ ಕಚೇರಿಗೆ ಒಯ್ಯಬೇಕು? ಇವರ ನಷ್ಟ ನಷ್ಟವೇ. ಆದರೆ ಆ ಕೊಳಗದಲ್ಲಿ ಹಿಡಿಯಲಿಲ್ಲ. ಶೆಟ್ಟಿಹಳ್ಳಿಯ ಇಗರ್ಜಿ ಇಂದಿಗೂ ಹಿನ್ನೀರಿನಲ್ಲಿ ಮುರಿದು ನಿಂತಿದೆ. ಮಳೆಗಾಲದಲ್ಲಿ ಅದನ್ನು ನೋಡಲು ಜನ ದೂರದಿಂದ ಬರುತ್ತಾರೆ. ಅದರ ಸುತ್ತ ಇದ್ದ ಊರನ್ನು ಕೇಳುವವರು ಕಡಮೆ.

ಅಲ್ಲಿಂದ ಚನ್ನರಾಯಪಟ್ಟಣದ ಕಡೆಗೆ ಹೋಗೋಣ. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಕೊಂಡೊಯ್ಯಲು ಆ ತಾಲ್ಲೂಕಿನಲ್ಲಿ ಬಾಗೂರು-ನವಿಲೆ ಸುರಂಗವನ್ನು ಕೊರೆದಿದ್ದಾರೆ. ನೆಲದೊಳಗೆ ಮೈಲಿಗಟ್ಟಲೆ ನೀರು ಹರಿಯುತ್ತದೆ, ಅದರ ಮೇಲಿನ ನೆಲದಲ್ಲಿ ತಮ್ಮ ಬಾವಿಗಳು ಬತ್ತಿದವೆಂದು ರೈತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಅವರ ನೆಲ ಮುಳುಗಿಲ್ಲ, ನೆಲದ ಪಹಣಿಯೂ ಅವರ ಹೆಸರಿನಲ್ಲೇ ಇದೆ. ತೆಂಗಿನ ಬುಡಕ್ಕೆ ಬೇಕಾದ ನೀರು ಮಾತ್ರ ಪಹಣಿಯ ಯಾವ ಅಂಕಣದಲ್ಲಿಯೂ ಇರಲಿಲ್ಲ.

ಇಂಥ ನಷ್ಟಕ್ಕೆ ಅರ್ಥಶಾಸ್ತ್ರದಲ್ಲಿ ಹೆಸರುಂಟು. ಇಂಗ್ಲೆಂಡಿನ ಪಿಗೂ ಎಂಬವರು 1920ರಲ್ಲಿಯೇ ಇದನ್ನು ವಿವರಿಸಿದರು. ಒಬ್ಬನ ವ್ಯವಹಾರದ ಖರ್ಚು ಆ ವ್ಯವಹಾರಕ್ಕೆ ಸೇರದ ಮತ್ತೊಬ್ಬನ ತಲೆಯ ಮೇಲೆ ಬಿದ್ದರೆ, ಸರ್ಕಾರ ತೆರಿಗೆ ಹಾಕಿ ಆ ಖರ್ಚನ್ನು ಮಾಡಿದವನಿಗೇ ಮರಳಿಸಬೇಕು ಎಂದರು. 1960ರಲ್ಲಿ ಕೋಸ್ ಎಂಬವರು ಬೇರೆ ಮಾತು ಹೇಳಿದರು: ಹಕ್ಕು ಯಾರದೆಂದು ಸ್ಪಷ್ಟವಾಗಿದ್ದು, ಚೌಕಾಸಿಗೆ ಖರ್ಚೇ ಇಲ್ಲದಿದ್ದರೆ ಎರಡು ಕಡೆಯವರೂ ಕೂತು ತೀರ್ಮಾನಿಸಿಕೊಳ್ಳುತ್ತಾರೆ. ಹಣವಂತರು ಈ ಮಾತಿನ ಮೊದಲ ಅರ್ಧವನ್ನು ಹಿಡಿದುಕೊಂಡು ಸರ್ಕಾರ ನಡುವೆ ಬರಬಾರದು ಎನ್ನುತ್ತಾರೆ. ಲೋಕದಲ್ಲಿ ಚೌಕಾಸಿಗೆ ಖರ್ಚು ಇದ್ದೇ ಇರುತ್ತದೆ ಎಂಬುದೂ ಕೋಸ್ ಅವರದೇ ಮಾತು.

ಆ ಖರ್ಚು ಎಷ್ಟೆಂದು ನಿಮಗೆ ಹೇಳಬೇಕಾಗಿಲ್ಲ. ಬಾವಿ ಬತ್ತಿದ ರೈತ ಹಾಸನದ ಕಚೇರಿಗೆ ಬರಲು ಬಸ್ ಚಾರ್ಜು, ಒಂದು ದಿನದ ಕೂಲಿ, ಅರ್ಜಿ ಬರೆಯುವವನಿಗೆ ಕಾಸು, ಸಾಹೇಬರು ಇಲ್ಲದಿದ್ದರೆ ಮತ್ತೆ ಬರುವ ಖರ್ಚು. ಹತ್ತು ಸಲ ಅಲೆದರೆ ಸಿಗಬಹುದಾದ ಪರಿಹಾರಕ್ಕಿಂತ ಅಲೆದಾಟವೇ ದುಬಾರಿ. ಅವನು ಕೈಬಿಡುತ್ತಾನೆ, ಕೈಬಿಟ್ಟದ್ದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ. ಇನ್ನೂರು ಮಂದಿ ಸೇರಿ ಒಬ್ಬನನ್ನು ಕಳಿಸಿದರೆ ಅದೇ ಖರ್ಚು ತಲೆಗೆ ಎಷ್ಟು ಬಿದ್ದೀತು? ಸಂಘ ಏಕೆ ಬೇಕೆಂದು ಕೇಳುವವರಿಗೆ ಅರ್ಥಶಾಸ್ತ್ರದ ಉತ್ತರ ಇದು.

ಈಗ ಅರಕಲಗೂಡಿನ ಹೊಗೆಸೊಪ್ಪನ್ನು ನೋಡಿ. ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ನಡೆಯುತ್ತದೆ. ಎಲೆಯನ್ನು ಬ್ಯಾರನ್ನಿನಲ್ಲಿ ಹದ ಮಾಡಬೇಕಾದರೆ ಹಗಲೂ ರಾತ್ರಿ ಬೆಂಕಿ ಉರಿಯಬೇಕು; ಒಂದು ಕಿಲೋ ಒಣ ಎಲೆಗೆ ಹಲವು ಕಿಲೋ ಸೌದೆ ಬೇಕು. ರೈತ ಸೌದೆಯ ಬೆಲೆ ಕೊಡುತ್ತಾನೆ. ಮರ ಹೋದ ಮೇಲೆ ಮಣ್ಣು ಕೊಚ್ಚಿ ಹೋದದ್ದಕ್ಕೆ, ನೆರಳು ತಪ್ಪಿದ್ದಕ್ಕೆ ಹರಾಜಿನ ಕಟ್ಟೆಯಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ರೈತನನ್ನು ದೂರಿ ಪ್ರಯೋಜನವಿಲ್ಲ. ಎಲೆಗೆ ಬರುವ ಬೆಲೆಯಲ್ಲಿ ಮರ ನೆಡುವ ಖರ್ಚು ಸೇರಿಲ್ಲ. ಕೊಂಡುಕೊಳ್ಳುವ ಕಂಪನಿಗಳು ಆ ಖರ್ಚನ್ನೂ ಸೇರಿಸಿ ಬೆಲೆ ಕಟ್ಟಬೇಕೆಂದು ಕೇಳುವುದು ನ್ಯಾಯ.

ಹೊಳೆನರಸೀಪುರ ಅಣೆಕಟ್ಟಿನ ಕೆಳಗೆ, ಹೊಳೆಯ ದಂಡೆಯಲ್ಲಿರುವ ಊರು. ಮೇಲಿನವರು ಹೊಳೆಗೆ ಬಿಟ್ಟದ್ದು ಕೆಳಗಿನವರ ಬಿಂದಿಗೆಗೆ ಬರುವುದು ಎಲ್ಲ ಹೊಳೆಗಳ ನಿಯಮ. ಕೊಳಕು ಮಾಡಿದವನೇ ತೊಳೆಯುವ ಖರ್ಚು ಕೊಡಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟು 1996ರಲ್ಲಿ ವೆಲ್ಲೂರಿನ ಚರ್ಮದ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಈ ದೇಶದ ಕಾನೂನಿನ ಭಾಗವೆಂದು ಎತ್ತಿ ಹಿಡಿಯಿತು. ಆದರೆ 2023ರ ಜನ ವಿಶ್ವಾಸ ಕಾನೂನು, 1986ರ ಪರಿಸರ ಸಂರಕ್ಷಣಾ ಕಾನೂನನ್ನು ಮೀರಿದವರಿಗೆ ಇದ್ದ ಜೈಲಿನ ಬದಲು 10 ಸಾವಿರದಿಂದ 15 ಲಕ್ಷದವರೆಗೆ ದಂಡವನ್ನು ಇಟ್ಟಿತು. ದಂಡವೆಂದರೆ ಏನು? ಅದೂ ಒಂದು ಬೆಲೆ. ಕೊಳೆ ನೀರನ್ನು ಶುದ್ಧಿ ಮಾಡಲು ವರ್ಷಕ್ಕೆ 40 ಲಕ್ಷ ಬೇಕು, ಸಿಕ್ಕಿಬಿದ್ದರೆ 15 ಲಕ್ಷ ಎಂದಿಟ್ಟುಕೊಳ್ಳಿ. ಸಿಕ್ಕಿಬೀಳುವುದು ಎರಡು ವರ್ಷಕ್ಕೊಮ್ಮೆ. ಲೆಕ್ಕ ಬಲ್ಲ ಮಾಲೀಕ ಏನು ಮಾಡುತ್ತಾನೆ, ನೀವೇ ಹೇಳಿ. ನಾವೂ ಚರಂಡಿಗೆ ಪ್ಲಾಸ್ಟಿಕ್ಕು ಸುರಿದು ಕೈ ತೊಳೆದುಕೊಳ್ಳುತ್ತೇವೆ. ಚಿಕ್ಕದಾದರೂ ಅದು ಅದೇ ಲೆಕ್ಕ ಎಂದು ಒಪ್ಪಿಕೊಂಡೇ ಈ ಮಾತನ್ನು ಆಡಬೇಕು.

ಕೊನೆಯದಾಗಿ ಗಿರಣಿಯ ಆಡಳಿತ. 1948ರ ಕಾರ್ಖಾನೆ ಕಾನೂನು ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ಗೊತ್ತುಮಾಡಿತು. ಈಗಿನ ಸಂಹಿತೆಯಲ್ಲಿಯೂ ಆ ಇಮ್ಮಡಿ ಉಳಿದಿದೆ. ಇದು ಯಾರ ಕೃಪೆಯೂ ಅಲ್ಲ. ಒಬ್ಬಳನ್ನು ಹನ್ನೆರಡು ಗಂಟೆ ದುಡಿಸುವುದಕ್ಕಿಂತ ಇನ್ನೊಬ್ಬಳಿಗೆ ಕೆಲಸ ಕೊಡುವುದೇ ಅಗ್ಗವಾಗಲಿ ಎಂಬ ಲೆಕ್ಕ ಅದರಲ್ಲಿದೆ. ಆದರೆ “ಟಾರ್ಗೆಟ್ ಮುಗಿಸಿ ಮನೆಗೆ ಹೋಗಿ” ಎಂದು ಗಂಟೆ ಹೊಡೆದ ಮೇಲೂ ಅರ್ಧ ಗಂಟೆ ಕೂರಿಸಿದರೆ ಆ ಅರ್ಧ ಗಂಟೆಯ ಬೆಲೆ ಸೊನ್ನೆ. ಬೆಲೆ ಸೊನ್ನೆಯಾದ ಪದಾರ್ಥವನ್ನು ಯಾವ ಯಜಮಾನನೂ ಮಿತವಾಗಿ ಬಳಸುವುದಿಲ್ಲ. ಟಾರ್ಗೆಟ್ಟಿನ ಅಂಕಿಯನ್ನು ಗೊತ್ತುಮಾಡುವವರೇ ಇಲ್ಲಿ ಕೊಳಗ ಹಿಡಿದವರು.

ಕೂಲಿ ಹೆಚ್ಚಿದರೆ ಊರು ಹಾಳಾಗುತ್ತದೆಂದು ವರ್ತಕ ಬಂಧುಗಳ ಕಿವಿಯಲ್ಲಿ ಊದುವವರಿದ್ದಾರೆ. ಗಿರಣಿಯ ಪುಸ್ತಕದಲ್ಲಿ ಕೂಲಿ ಖರ್ಚಿನ ಅಂಕಣದಲ್ಲಿರುತ್ತದೆ, ನಿಜ. ಆದರೆ ಆ ದುಡ್ಡು ಶನಿವಾರ ಸಂಜೆ ಯಾರ ಗಲ್ಲಾಪೆಟ್ಟಿಗೆಗೆ ಬರುತ್ತದೆ? ಗಿರಣಿಯ ಖರ್ಚು ನಿಮ್ಮ ಜಮಾ. ಸರಕನ್ನು ಕೊಳ್ಳುವ ಕಂಪನಿಯ ಲಾಭವಾದರೋ ಈ ಪೇಟೆಯ ದಾರಿಯನ್ನೇ ತುಳಿಯುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? 2013ರ ಹೊಸ ಭೂಸ್ವಾಧೀನ ಕಾನೂನಿನಲ್ಲಿ ಒಂದು ದಾರಿ ಕಂಡಿತು. ಸಮಾಧಾನದ ಹಣ ನೂರಕ್ಕೆ 100 ಆಯಿತು. ಅದಕ್ಕಿಂತ ದೊಡ್ಡ ಮಾತೆಂದರೆ, ಆ ನೆಲವನ್ನು ನಂಬಿ ಮೂರು ವರ್ಷ ದುಡಿದ ಕೂಲಿಗಾರ, ಗೇಣಿದಾರ, ಕುಶಲಕರ್ಮಿಯ ಮನೆಯೂ ನಷ್ಟ ಹೊಂದಿದ ಕುಟುಂಬವೆಂದು ಎಣಿಕೆಗೆ ಬಂತು. ನೆಲ ತೆಗೆಯುವ ಮುಂಚೆ ಜನಜೀವನದ ಮೇಲೆ ಆಗುವ ಪರಿಣಾಮವನ್ನು ಅಧ್ಯಯನ ಮಾಡಿ, ಊರಿನ ಮುಂದೆ ವಿಚಾರಣೆ ನಡೆಸಬೇಕೆಂಬ ವಿಧಿ ಬಂತು. ಕೂಲಿಯವಳಿಗೂ ಕುಂಬಾರನಿಗೂ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು. ಆದರೆ 2019ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಕೆಲವು ಬಗೆಯ ಯೋಜನೆಗಳಿಗೆ ಈ ಅಧ್ಯಯನದಿಂದ ವಿನಾಯಿತಿ ಕೊಡಲು ಅವಕಾಶ ಮಾಡಿತು. ಕೊಳಗವನ್ನು ಮತ್ತೆ ಒಳಮನೆಗೆ ಒಯ್ದಂತಾಯಿತು.

ಬೆಲೆ ಕಟ್ಟಲಾಗದ ವಸ್ತುಗಳೂ ಇವೆ. ಅಜ್ಜನನ್ನು ಹೂಳಿದ ಜಾಗಕ್ಕೆ ದರಪಟ್ಟಿ ಇಲ್ಲ. ಲೆಕ್ಕದಿಂದ ಎಲ್ಲವೂ ಬಗೆಹರಿದೀತೆಂದು ನಾವು ಹೇಳುತ್ತಿಲ್ಲ. ಆದರೆ ನಮ್ಮ ಬಾವಿ, ನಮ್ಮ ಮರ, ನಮ್ಮ ಅರ್ಧ ಗಂಟೆಯನ್ನು ಅವರು ಸೊನ್ನೆ ಎಂದು ಬರೆಯುವಾಗ, ಲೆಕ್ಕ ನಮಗೆ ಬಾರದು ಎಂದು ಸುಮ್ಮನೆ ಕೂರುವುದು ತಪ್ಪು.

ಆದುದರಿಂದ ನಾಳೆಯಿಂದ ಮೂರು ಕೆಲಸ. ಗಿರಣಿಯ ಪ್ರತಿ ಪಾಳಿಯಲ್ಲಿ ಗಂಟೆ ಹೊಡೆದ ಮೇಲೆ ನಿಂತ ನಿಮಿಷಗಳನ್ನು ಒಂದು ನೋಟು ಪುಸ್ತಕದಲ್ಲಿ ಬರೆದಿಡಿ. ಊರಿಗೆ ಯಾವ ಯೋಜನೆ ಬಂದರೂ, ಯಾರ ನಷ್ಟ ಎಣಿಕೆಗೆ ಬಂದಿಲ್ಲವೆಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ಕಚೇರಿಗೆ ಒಬ್ಬೊಬ್ಬರೇ ಹೋಗಬೇಡಿ, ಸಂಘದಿಂದ ಹೋಗಿ. ಕಾಗೋಡಿನವರು ನಮಗಿಂತ ಹೆಚ್ಚು ಓದಿದವರಲ್ಲ. ಕೊಳಗ ಎಷ್ಟು ದೊಡ್ಡದು ಎಂದು ಕೇಳಿದರು, ಅಷ್ಟೆ. ನಾವೂ ಕೇಳೋಣ.