ಹಳೆಯ ಗಾಡಿ, ಸುಳ್ಳು ಅಳತೆ
(ಪಕ್ಷದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಿಂದ ಬಂದ ಗ್ರಾಚ್ಯುಯಿಟಿ ಹಣವನ್ನೋ, ಮನೆಯಾಕೆಯ ಬಳೆ ಅಡವಿಟ್ಟು ತಂದ ಸಾಲವನ್ನೋ ಕೊಟ್ಟು ನಮ್ಮಲ್ಲಿ ಅನೇಕರು ಹಳೆಯ ಕಾರು, ವ್ಯಾನು ಕೊಳ್ಳುತ್ತಾರೆ. ವಾರ ಕಳೆಯುವುದರೊಳಗೆ ಗೇರ್‌ಬಾಕ್ಸು ಕೂಗತೊಡಗುತ್ತದೆ. ಮಾರಿದ ಅಂಗಡಿಗೆ ಹೋದರೆ, “ಹಳೇ ಗಾಡಿ ಸ್ವಾಮಿ, ನೋಡಿಯೇ ತಾನೆ ತೆಗೆದುಕೊಂಡದ್ದು?” ಎಂಬ ಉತ್ತರ. ತಲೆ ತಗ್ಗಿಸಿ ಹಿಂದಿರುಗುತ್ತೇವೆ. ಹಾಗೆ ಹಿಂದಿರುಗಬೇಕಾಗಿಲ್ಲ.

ಆ ಉತ್ತರದಲ್ಲಿ ಅರ್ಧ ನಿಜವೂ ಉಂಟು. ಕೊಳ್ಳುವ ಮುಂಚೆ ಪರೀಕ್ಷಿಸಿದವನು, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆಮೇಲೆ ತಕರಾರು ಮಾಡಲಾಗದೆಂದು 1930ರ ಸರಕು ಮಾರಾಟ ಕಾಯಿದೆಯೇ ಹೇಳುತ್ತದೆ. ಸವೆದ ಟೈರಿಗೆ, ಹರಿದ ಸೀಟಿಗೆ ಜಗಳ ಬೇಡ. ಮುಚ್ಚಿಟ್ಟ ದೋಷದ ಮಾತು ಬೇರೆ. ಅಪಘಾತದಲ್ಲಿ ಬಾಗಿದ ಚಾಸಿಗೆ ಬಣ್ಣ ಬಳಿಯುವುದು, ಓಡಿದ ದೂರ ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸುವುದು, ಇವು ವ್ಯಾಪಾರವಲ್ಲ, ವಂಚನೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ, ಗೇಣಿ ಅಳೆಯುವ ಕೊಳಗದ ಗಾತ್ರವೂ ಜಗಳದ ಒಂದು ಮೂಲವಾಗಿತ್ತು. ಮೀಟರು ತಿರುಗಿಸುವವನ ಕೈಯಲ್ಲಿರುವುದೂ ಅಂಥದೇ ಕೊಳಗ.

ಇಂಥವನ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಅಂಗಡಿ ಬೆಂಗಳೂರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಎರಡು ವರ್ಷದೊಳಗೆ ಹೂಡಬೇಕು, ಅಷ್ಟೆ. ದೋಷ ರುಜುವಾತಾದರೆ ಹಣ ವಾಪಸು, ಮೇಲೆ ಪರಿಹಾರ ಕೊಡಿಸುವ ಅಧಿಕಾರ ಆಯೋಗಕ್ಕಿದೆ. ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆ ಬಯಸುತ್ತದೆ. ಬಯಸುವುದು ಬೇರೆ, ನಡೆಯುವುದು ಬೇರೆ, ತಾಳ್ಮೆ ಬೇಕು.

ವ್ಯಾಪಾರಿ ಮಿತ್ರರು ಇಲ್ಲಿ ಕಿವಿಗೊಡಬೇಕು. “ಇವನು ತರಕಾರಿ ಸಾಗಿಸಲು ವ್ಯಾನು ಕೊಂಡವನು, ಇದು ವಾಣಿಜ್ಯ ಉದ್ದೇಶ, ಇವನು ಗ್ರಾಹಕನೇ ಅಲ್ಲ” ಎಂದು ಎದುರಾಳಿ ವಾದಿಸುವುದುಂಟು. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡು ತಾನೇ ಉಪಯೋಗಿಸುವವನು ಗ್ರಾಹಕನೇ ಎಂದು ಕಾಯಿದೆಯಲ್ಲೇ ವಿವರಣೆಯಿದೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಆಟೋರಿಕ್ಷಾ ಕೊಂಡು ತಾನೇ ಓಡಿಸುವವನನ್ನು ಉದಾಹರಣೆಯಾಗಿ ಹೇಳಿತು. ಹತ್ತು ಲಾರಿ ಕೊಂಡು ಆಳುಗಳಿಂದ ಓಡಿಸುವ ಧಣಿಗೆ ಈ ರಕ್ಷಣೆ ಸಿಗದು. ನ್ಯಾಯವಾಗಿಯೇ ಇದೆ. ಇನ್ನೊಂದು ಮಾತು: ವ್ಯಾಪಾರಿಯಲ್ಲದ ನೆರೆಮನೆಯವನಿಂದ ಕೊಂಡಿದ್ದರೆ ಈ ಆಯೋಗ ಒದಗುವುದಿಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕು.

ನಮ್ಮವರು ಸೋಲುವುದು ಬಹುಮಟ್ಟಿಗೆ ಕಾಗದವಿಲ್ಲದೆ. ಬಾಯಿಮಾತಿನ ಭರವಸೆಗೆ ಸಾಕ್ಷಿ ಯಾರು? ಎಷ್ಟು ಕಿಲೋಮೀಟರು ಓಡಿದೆ, ಅಪಘಾತವಾಗಿದೆಯೇ ಇಲ್ಲವೇ ಎಂಬುದನ್ನು ರಸೀದಿಯಲ್ಲೇ ಬರೆಸಿಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಜಾಹೀರಾತನ್ನೂ ಅಳಿಸಬೇಡಿ. “ಇದ್ದ ಸ್ಥಿತಿಯಲ್ಲೇ ಒಪ್ಪಿಕೊಂಡಿದ್ದೇನೆ” ಎಂಬ ಮುದ್ರಿತ ಕಾಗದಕ್ಕೆ ಓದದೆ ರುಜು ಹಾಕಬೇಡಿ, ಅದು ಮುಂದೆ ನಿಮ್ಮ ಮೇಲೇ ತಿರುಗುತ್ತದೆ. 2023ರ ಏಪ್ರಿಲ್ 1ರಿಂದ ನೋಂದಾಯಿತ ಹಳೆಯ ವಾಹನಗಳ ವ್ಯಾಪಾರಿಗೆ ಸಾರಿಗೆ ಇಲಾಖೆಯ ಅಧಿಕೃತ ಪ್ರಮಾಣಪತ್ರವಿರಬೇಕೆಂಬ ನಿಯಮ ಬಂದಿದೆ, ತೋರಿಸೆಂದು ಕೇಳಿ. ಗಾಡಿ ಕೆಟ್ಟ ಕೂಡಲೇ ಇಂಜಿನ್ ಬಿಚ್ಚಿಸಬೇಡಿ. ಮೊದಲು ಮೆಕ್ಯಾನಿಕ್‌ನಿಂದ ದೋಷವೇನೆಂದು ಬರೆಸಿಕೊಂಡು, ಅಂಗಡಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಟೀಸು ಕಳಿಸಿ.

ದೂರು ಬರೆಯಲು ಬಾರದವರು ಆದಿತ್ಯವಾರ ಬೆಳಿಗ್ಗೆ ಪಕ್ಷದ ಕಚೇರಿಗೆ ಬನ್ನಿ, ನಾನು ಬರೆದುಕೊಡುತ್ತೇನೆ. ಬರುವಾಗ ರಸೀದಿ, ಆರ್‌ಸಿ ಪುಸ್ತಕ, ಸಾಲದ ಕಾಗದ ಎಲ್ಲವನ್ನೂ ತನ್ನಿ.