ಕೈ ಹೋಗದ ಜಾಗದ ನಟ್ಟು

ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಆಯುಷ್ಯ. ಆ ಲೆಕ್ಕದಲ್ಲಿ 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಟ್ಯಾಕ್ಸಿ ಹೋಯಿತು ನಿಜ, ಆದರೆ ಮನೆಯ ಪದ್ಮಿನಿಗಳು ಹೋಗಿಲ್ಲ. ಚೆಂಬೂರು, ಮುಲುಂಡ್, ಡೊಂಬಿವಲಿಗಳ ಸೊಸೈಟಿ ಮೂಲೆಗಳಲ್ಲಿ ಇನ್ನೂ ಕೆಲವು ಹೊದಿಕೆ ಹೊದ್ದು ನಿಂತಿವೆ. "ಅಪ್ಪನ ಕಾರು, ಗುಜರಿಗೆ ಕೊಡಲು ಮನಸ್ಸಿಲ್ಲ" ಎನ್ನುವವರು ನಿಮ್ಮಲ್ಲೂ ಇರಬಹುದು. ಇವತ್ತಿನ ಮಾತು ಅವರಿಗಾಗಿ.

ಎಂಜಿನ್ನಿನ ವಿಷಯ ನಾನು ಹೆಚ್ಚು ಹೇಳುವುದಿಲ್ಲ. 1089 ಸಿಸಿಯ ಆ ಎಂಜಿನ್ನನ್ನು ಬಿಚ್ಚಿ ಕಟ್ಟಬಲ್ಲ ಮಿಸ್ತ್ರಿಗಳು ಈಗಲೂ ಇದ್ದಾರೆ. ಡೆಂಟಿಂಗ್, ಪೇಂಟಿಂಗ್ ದುಡ್ಡು ಕೊಟ್ಟರೆ ಆಗುವ ಕೆಲಸ. ಕಾರು ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ಕೂರುವುದು ಸಣ್ಣ ಭಾಗಗಳಿಂದ. ಬೆರಳು ಹೋಗದ ಜಾಗದ ನಟ್ಟು, ಚಿಮ್ಮಿ ಓಡುವ ಕ್ಲಿಪ್ಪು, ಎಷ್ಟು ಒತ್ತಿದರೂ ಕೂರದ ರಬ್ಬರು. ಮಾಲೀಕನ ಉತ್ಸಾಹ ಇಳಿದುಹೋಗುವುದೂ ಇಲ್ಲಿಯೇ. ಬಣ್ಣ ಬಳಿದುಕೊಂಡು ಫಳಫಳ ಹೊಳೆಯುತ್ತ, ಬಾಗಿಲಿಗೆ ಹಿಡಿ ಇಲ್ಲದೆ ನಿಂತ ಕಾರು ನೋಡಿದ್ದೀರಾ? ಮದುವೆ ಮಂಟಪದಲ್ಲಿ ಬರಿಗಾಲಲ್ಲಿ ನಿಂತ ಮದುಮಗನ ಹಾಗೆ ಕಾಣುತ್ತದೆ.

ಮೊದಲು ನಟ್ಟು ಬೋಲ್ಟಿನ ಮಾತು. ಪದ್ಮಿನಿ ಮೂಲತಃ ಇಟಲಿಯ ಫಿಯಟ್ 1100. ಅದರ ಅಳತೆ ಮಿಲಿಮೀಟರಿನದು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಂಶದ್ದು, ಅದರದು ಇಂಚು. ಗ್ಯಾರೇಜಿನ ಹಳೆಯ ಡಬ್ಬದಲ್ಲಿ ಎರಡೂ ಬೆರೆತಿರುತ್ತವೆ. 8 ಮಿಲಿಮೀಟರಿನ ಬೋಲ್ಟು, 5/16 ಇಂಚಿನ ಬೋಲ್ಟು ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು. ಒಂದರ ದಪ್ಪ 8, ಇನ್ನೊಂದರದು 7.94 ಮಿಲಿಮೀಟರ್. ಆದರೆ ಎಳೆಗಳ ನಡುವಿನ ಅಂತರ ಬೇರೆ. ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಆಗ ಸ್ಪ್ಯಾನರ್ ಹಾಕಿ ತಿರುಗಿಸಿದಿರೋ, ಒಳಗಿನ ಎಳೆಯೇ ಹಾಳು. ಬೆರಳಿನಿಂದಲೇ ನಾಲ್ಕೈದು ಸುತ್ತು ಹೋಗದ ಬೋಲ್ಟಿಗೆ ಸ್ಪ್ಯಾನರ್ ಮುಟ್ಟಿಸಬೇಡಿ. ಮೊದಲು ಹಿಮ್ಮುಖವಾಗಿ ನಿಧಾನ ತಿರುಗಿಸಿ. ಎಳೆ ಎಳೆಯ ಮೇಲೆ ಕೂತಾಗ ಟಕ್ ಎಂದು ಕೈಗೆ ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ.

ಕೈ ಹೋಗದ ಕಡೆ ನಟ್ಟನ್ನು ರಿಂಗ್ ಸ್ಪ್ಯಾನರಿನ ಬಾಯಲ್ಲಿ ಗ್ರೀಸ್ ಹಚ್ಚಿ ಅಂಟಿಸಿ ಒಳಗೆ ಕಳಿಸುತ್ತಾರೆ. ವಾಷರಿಗೆ ಹೊಲಿಗೆ ದಾರ ಕಟ್ಟಿಟ್ಟರೆ ಬಿದ್ದರೂ ಎಳೆದುಕೊಳ್ಳಬಹುದು, ಕೂತ ಮೇಲೆ ದಾರ ಕತ್ತರಿಸಿದರಾಯಿತು. ಸರ್ಕ್ಲಿಪ್ಪಿಗೆ ನಮ್ಮ ಮಿಸ್ತ್ರಿಗಳು ಲಾಕ್ ಎನ್ನುತ್ತಾರೆ (ಕನ್ನಡದಲ್ಲಿ ಬಿ.ಎ. ಮಾಡಿದ ನನಗೂ ಅದಕ್ಕಿಂತ ಒಳ್ಳೆಯ ಪದ ಹೊಳೆದಿಲ್ಲ). ಅದನ್ನು ತೆಗೆಯುವಾಗ, ಹಾಕುವಾಗ ಎರಡೂ ಕೈ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿರಲಿ. ಚಿಮ್ಮಿದರೆ ಚೀಲದಲ್ಲೇ ಬೀಳುತ್ತದೆ. ಕಿಟಕಿ ಗಾಜು ಇಳಿಸುವ ಹಿಡಿಗೆ ಅನೇಕ ಹಳೆಯ ಕಾರುಗಳಲ್ಲಿ ಲಾಳದ ಆಕಾರದ ಕ್ಲಿಪ್ ಇರುತ್ತದೆ. ಹಿಡಿಯ ಹಿಂದೆ ಬಟ್ಟೆಯ ಪಟ್ಟಿ ತೂರಿಸಿ ಗರಗಸದಂತೆ ಆಚೀಚೆ ಎಳೆದರೆ ಕ್ಲಿಪ್ ಹೊರಬರುತ್ತದೆ. ಹಾಕುವಾಗ ಕ್ಲಿಪ್ಪನ್ನು ಮೊದಲು ಹಿಡಿಗೇ ಸಿಕ್ಕಿಸಿ, ಆಮೇಲೆ ಹಿಡಿಯನ್ನು ಒತ್ತಬೇಕು.

ನಿಜವಾದ ಪರೀಕ್ಷೆ ಮುಂದಿನ ಗಾಜಿನದು. ಘಾಟ್ಕೋಪರಿನಲ್ಲಿರುವ ನನ್ನ ಸೋದರಮಾವನ 1985ರ ಪದ್ಮಿನಿಗೆ ಗಾಜು ಕೂರಿಸುವ ದಿನ ನಾನೂ ಇದ್ದೆ. ಬಂದ ಮಿಸ್ತ್ರಿಗೆ ಎಪ್ಪತ್ತು ದಾಟಿತ್ತು. ರಬ್ಬರು ಬೀಡಿಂಗನ್ನು ಬಿಸಿನೀರಿನಲ್ಲಿ ಮೆದು ಮಾಡಿ ಮೊದಲು ಗಾಜಿಗೆ ಸುತ್ತಿದರು. ಬೀಡಿಂಗಿನ ಹೊರಗಿನ ಸೀಳಿನಲ್ಲಿ ಗಟ್ಟಿ ಹುರಿಯೊಂದನ್ನು ಸುತ್ತಲೂ ಕೂರಿಸಿ, ಎರಡು ತುದಿಗಳು ಕೆಳಗಡೆ ನಡುವಿನಲ್ಲಿ ಒಂದರ ಮೇಲೊಂದು ಬರುವಂತೆ ಬಿಟ್ಟರು. ಚೌಕಟ್ಟಿಗೆ ಸಾಬೂನು ನೀರು. ಮಾವ ಹೊರಗಿನಿಂದ ಅಂಗೈಯಲ್ಲಿ ಗಾಜು ಒತ್ತಬೇಕು, ಮಿಸ್ತ್ರಿ ಒಳಗೆ ಕೂತು ಹುರಿ ಎಳೆಯಬೇಕು. ಹುರಿ ಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚಿನ ಮೇಲೆ ಮಡಚಿ ಕೂರುತ್ತದೆ. ಮೂಲೆಯೊಂದರಲ್ಲಿ ನಿಂತಿತು. ಮಾವ ಮುಷ್ಟಿ ಎತ್ತಿದರು.

"ಜೋರ್ ಮತ್ ಲಗಾವೋ, ಶೇಟ್ಜಿ" ಎಂದರು ಮಿಸ್ತ್ರಿ ಒಳಗಿನಿಂದ.

"ಮತ್ತೆ ಹೇಗೆ ಕೂರುತ್ತದೆ ಮಾರಾಯ?" ಎಂದು ಮಾವ ನನ್ನ ಮುಖ ನೋಡಿದರು.

ಇನ್ನಷ್ಟು ಸಾಬೂನು ನೀರು ಬಂತು. ಹತ್ತು ನಿಮಿಷ ಸುಮ್ಮನೆ ಕಾದೆವು. ಹುರಿಯನ್ನು ಗಾಜಿನ ನಡುವಿನ ಕಡೆಗೆ ಮೆಲ್ಲಗೆ ಎಳೆದಾಗ ಕೂತಿತು. ಆ ಗಾಜು ಒಡೆದಿದ್ದರೆ ಬದಲಿಗೆ ಇನ್ನೊಂದು ಹುಡುಕಲು ಎಷ್ಟು ವಾರ ಬೇಕಿತ್ತೋ.

ಟ್ಯಾಕ್ಸಿಗಳಿದ್ದಾಗ ಹೀಗಿರಲಿಲ್ಲ. ಸಾವಿರಾರು ಪದ್ಮಿನಿಗಳು ಓಡುತ್ತಿದ್ದ ಊರಿನಲ್ಲಿ ಬೀಡಿಂಗು, ಹಿಡಿ, ಕ್ಲಿಪ್ಪು ಮಾಡಿ ಮಾರುವವರಿಗೆ ವ್ಯಾಪಾರವಿತ್ತು. ಕಾರು ಹುಟ್ಟಿದ್ದೂ ಇಲ್ಲಿಯೇ, ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ. ಈಗ ಕುರ್ಲಾದ ಸಿಎಸ್‌ಟಿ ರಸ್ತೆಯ ಅಂಗಡಿಗಳನ್ನೋ ಚೋರ್ ಬಜಾರನ್ನೋ ಸುತ್ತಬೇಕು. ಹೋಗುವಾಗ ಹಳೆಯ ತುಂಡನ್ನು ಜೇಬಿನಲ್ಲಿಟ್ಟುಕೊಳ್ಳಿ. ಫೋಟೋ ತೋರಿಸಿದರೆ ಅಳತೆ ತಿಳಿಯುವುದಿಲ್ಲ. ತುಂಡಾದ ಕ್ಲಿಪ್ಪನ್ನೂ ಎಸೆಯಬೇಡಿ, ಹೊಸದು ಮಾಡಿಸುವುದಾದರೆ ಅದೇ ಮಾದರಿ.

ಇನ್ನೊಂದು ವಿಷಯ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಕಾರು ವಿಂಟೇಜ್ ಎಂದು ನೋಂದಣಿಯಾಗಬಹುದು. ಆದರೆ ಅದು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಪದ್ಮಿನಿ ಎಂಬ ಹೆಸರು ಬಂದ ಮೊದಲ ವರ್ಷಗಳ ಕಾರುಗಳಿಗೆ ಈಗಷ್ಟೇ ಐವತ್ತು ತುಂಬುತ್ತಿದೆ. ಸಿಗದ ಭಾಗಕ್ಕೆ ಬದಲಾಗಿ ಬೇರೆ ಕಾರಿನದನ್ನು ತಂದು, ಬಾಡಿ ಕತ್ತರಿಸಿ ಕೂರಿಸೋಣ ಎಂದು ಯಾರಾದರೂ ಹೇಳಿದರೆ ಎರಡು ಸಲ ಯೋಚಿಸಿ.

ಗಾಜು ಕೂರಿಸಿದ ಮರುದಿನ, ಮಳೆಗಾಲಕ್ಕೆ ಕಾಯದೆ, ಒಬ್ಬರು ಛಾವಣಿಯ ಮೇಲೆ ಬಕೆಟ್ ನೀರು ಸುರಿಯಿರಿ. ಒಳಗಿನ ಮ್ಯಾಟ್ ಎತ್ತಿ ಹಳೆಯ ದಿನಪತ್ರಿಕೆ ಹಾಸಿಟ್ಟಿರಿ. ಕಾಗದ ಎಲ್ಲಿ ಒದ್ದೆಯಾಯಿತೋ ಅದರ ಮೇಲ್ಗಡೆಯ ರಬ್ಬರನ್ನು ಮತ್ತೆ ನೋಡಬೇಕು. ಜೂನ್ ತಿಂಗಳ ಮುಂಬಯಿ ಮಳೆ ಅದೇ ದಾರಿಯಲ್ಲಿ ಇಳಿದು ನೆಲದ ತಗಡನ್ನು ತಿನ್ನುತ್ತದೆ.